ಬೇಗ ಅಪ್‌ಡೇಟ್ ಮಾಡಿ, ಇಲ್ಲ ಸ್ವಲ್ಪ ಕಾಯಿರಿ: ಯಾರ ಮಾತು ಕೇಳಬೇಕು?

2025ರ ನವೆಂಬರ್ 24, ಸೋಮವಾರ. ಎನ್‌ಪಿಎಂನಲ್ಲಿ, ಅಂದರೆ ಜಾವಾಸ್ಕ್ರಿಪ್ಟ್ ಬರೆಯುವವರು ಸಿದ್ಧ ಕೋಡ್‌ನ ಪ್ಯಾಕೇಜ್‌ಗಳನ್ನು ತರಿಸಿಕೊಳ್ಳುವ ಉಗ್ರಾಣದಲ್ಲಿ, ಮತ್ತೆ ಹುಳ (ತಾನಾಗಿ ಹರಡುವ ಕೆಟ್ಟ ಪ್ರೋಗ್ರಾಂ) ಬಿದ್ದಿದೆ, ಹೊಸ ಪ್ಯಾಕೇಜ್ ಯಾವುದನ್ನೂ ಇನ್‌ಸ್ಟಾಲ್ ಮಾಡಬೇಡಿ, ಇದ್ದದ್ದು ಇದ್ದ ಹಾಗೇ ಇರಲಿ ಎಂಬ ಎಚ್ಚರಿಕೆ ಎಲ್ಲ ಕಡೆ ಹರಿದಾಡಿತು. ಒಂಬತ್ತು ದಿನ ಕಳೆದು, ಡಿಸೆಂಬರ್ 3ರಂದು, ವೆಬ್ ಪುಟ ಕಟ್ಟಲು ಬಳಸುವ ರಿಯಾಕ್ಟ್‌ನ ತಂಡದಿಂದ ಇನ್ನೊಂದು ಸುದ್ದಿ ಬಂತು. ರಿಯಾಕ್ಟ್ 19ರ ಸರ್ವರ್ ಭಾಗದಲ್ಲಿ ದೊಡ್ಡ ತೂತು ಇದೆ, ಕೂಡಲೇ ಹೊಸ ಆವೃತ್ತಿ ಹಾಕಿಕೊಳ್ಳಿ, ಕಾಯಬೇಡಿ. ಅಪಾಯದ ಅಂಕ ಹತ್ತಕ್ಕೆ ಹತ್ತು. ಡಿಸೆಂಬರ್ 5ರ ಶುಕ್ರವಾರ ಮಧ್ಯಾಹ್ನ ಎರಡೂಕಾಲರ ಸುಮಾರಿಗೆ, ಬೇರೆಯವರ ವೆಬ್‌ಸೈಟ್‌ಗಳ ಮುಂದೆ ನಿಂತು ಅವನ್ನು ಕಾಯುವ ಕ್ಲೌಡ್‌ಫ್ಲೇರ್ 25 ನಿಮಿಷದಷ್ಟು ಹೊತ್ತು ಎಡವಿತು. ಮುಂಬೈ ಷೇರುಪೇಟೆ ಇನ್ನೂ ನಡೆಯುತ್ತಿದ್ದ ಹೊತ್ತು ಅದು. ಕೆಲವು ಟ್ರೇಡಿಂಗ್ ಆ್ಯಪ್‌ಗಳು ತೆರೆಯಲೇ ಇಲ್ಲ. ಕಾರಣ ಹುಡುಕಿದರೆ ಅದೇ ರಿಯಾಕ್ಟ್ ತೂತು: ಅದರಿಂದ ಗ್ರಾಹಕರನ್ನು ಕಾಪಾಡಲು ಹೊರಟು ಮಾಡಿದ ಬದಲಾವಣೆಯೇ ಕ್ಲೌಡ್‌ಫ್ಲೇರ್‌ಗೆ ಮುಳುವಾಗಿತ್ತು.

ಷೇರು ಕೊಳ್ಳುವವರಿಗೆ ತಲೆಬುಡ ಅರ್ಥ ಆಗದಿದ್ದರೆ ಆಶ್ಚರ್ಯ ಇಲ್ಲ. ಆದರೆ ಬೆಳಗಾವಿ, ಹುಬ್ಬಳ್ಳಿ, ವಿಜಯಪುರದಿಂದ ಬಂದು ಪುಣೆಯ ಹಿಂಜೆವಾಡಿ, ಖರಾಡಿಗಳಲ್ಲಿ ಇದೇ ಕೋಡ್ ಬರೆಯುವವರಿಗೂ ಇದು ಗೊಂದಲವೇ. ಒಂದು ವಾರ ಮುಟ್ಟಬೇಡಿ ಅನ್ನುತ್ತಾರೆ, ಮುಂದಿನ ವಾರ ಇವತ್ತೇ ಮುಗಿಸಿ ಅನ್ನುತ್ತಾರೆ. ಯಾವುದು ಸರಿ?

ಎರಡೂ ಸರಿ. ಒಂದಕ್ಕೊಂದು ಜಗಳ ಆಡುವ ಹಾಗೆ ಕಾಣುವುದಕ್ಕೆ ಕಾರಣ ಬೇರೆ ಇದೆ. ಬಿಲ್ಡ್ ಮಾಡುವುದು, ಅಂದರೆ ಬರೆದ ಕೋಡನ್ನು ಓಡುವ ರೂಪಕ್ಕೆ ಕಟ್ಟುವುದು, ಒಂದು ಕೆಲಸ; ಅಪ್‌ಡೇಟ್ ಮಾಡುವುದು, ಅಂದರೆ ಬೇರೆಯವರ ಪ್ಯಾಕೇಜ್‌ನ ಹೊಸ ಆವೃತ್ತಿ ತರುವುದು, ಇನ್ನೊಂದು ಕೆಲಸ. ಬಹಳ ಪ್ರಾಜೆಕ್ಟ್‌ಗಳಲ್ಲಿ ಇವೆರಡೂ ಒಂದೇ ಕಮಾಂಡ್‌ನಲ್ಲಿ ಕಲೆತುಹೋಗಿವೆ.

ಬಿಲ್ಡ್‌ನಲ್ಲಿ ನಡೆಯುವುದೇನು

ಡೆವಲಪರ್ ಬರೆದದ್ದು ಬ್ರೌಸರ್‌ಗೆ ಹಾಗೇ ಹೋಗುವುದಿಲ್ಲ. ನೂರಾರು ಜಾವಾಸ್ಕ್ರಿಪ್ಟ್ ಫೈಲು, ಸಿಎಸ್‌ಎಸ್, ಚಿತ್ರ, ಫಾಂಟ್, ಎಲ್ಲ ಸೇರಿ ಅಸೆಟ್. ಇವನ್ನು ಒಟ್ಟು ಮಾಡಿ, ಬೇಡದ್ದನ್ನು ಕಿತ್ತುಹಾಕಿ, ಕುಗ್ಗಿಸಿ, ಕೆಲವೇ ಫೈಲುಗಳ ಕಟ್ಟು ಮಾಡುವ ಕೆಲಸ ವೆಬ್‌ಪ್ಯಾಕ್, ವೀಟ್‌ನಂಥ ಟೂಲ್‌ಗಳದ್ದು. ಕಟ್ಟಿನ ಒಳಗೆ ನಮ್ಮ ಕೋಡ್‌ಗಿಂತ ಊರವರ ಕೋಡೇ ಜಾಸ್ತಿ ಇರುತ್ತದೆ. ನಾವು ಇಪ್ಪತ್ತು ಪ್ಯಾಕೇಜ್ ಕೇಳಿರುತ್ತೇವೆ. ಅವು ತಮಗೆ ಬೇಕಾದವನ್ನು, ಅವು ಮತ್ತೆ ತಮಗೆ ಬೇಕಾದವನ್ನು ಎಳೆದುಕೊಂಡು ಬರುತ್ತವೆ.

ಕಟ್ಟಿದ ಮೇಲೆ ಹೆಸರಿಡುವ ಕೆಲಸ. ಇದು ಸಣ್ಣ ವಿಷಯ ಅನ್ನಿಸುತ್ತದೆ, ಅಲ್ವಾ? ಆದರೆ ಅರ್ಧ ತಲೆನೋವು ಇಲ್ಲೇ. ಬ್ರೌಸರ್ ಒಮ್ಮೆ ತಂದ ಫೈಲನ್ನು ಇಟ್ಟುಕೊಳ್ಳುತ್ತದೆ. ಹೊಸ ಸಿಎಸ್‌ಎಸ್ ಅದೇ ಹೆಸರಲ್ಲಿ ಬಂದರೆ, ಬಳಕೆದಾರರ ಹತ್ತಿರ ಹಳೆಯದೇ ಉಳಿದು ಪುಟ ಚಿಂದಿಯಾಗುತ್ತದೆ. ಆಗ ಸಪೋರ್ಟ್‌ನವರು ಹೇಳುವ ಮಾತು ಎಲ್ಲರಿಗೂ ಗೊತ್ತು: ಕಂಟ್ರೋಲ್ ಎಫ್5 ಒತ್ತಿ ನೋಡಿ. ಇದಕ್ಕೆ ಮದ್ದು, ಫೈಲಿನ ಒಳಗಿರುವುದರಿಂದಲೇ ಲೆಕ್ಕ ಹಾಕಿದ ಒಂದು ಹ್ಯಾಶ್ (ಬೆರಳಚ್ಚಿನಂಥ ಗುರುತು) ಅನ್ನು ಹೆಸರಿಗೆ ಸೇರಿಸುವುದು. ‘ಆ್ಯಪ್-7ಎಫ್3ಸಿ91’ ಅಂತ ಇದ್ದದ್ದು, ಒಳಗೆ ಒಂದು ಕಾಮಾ ಬದಲಾದರೂ ಬೇರೆ ಹೆಸರಾಗುತ್ತದೆ. 2011ರಲ್ಲಿ ಬಂದ ರೈಲ್ಸ್ 3.1 (ವೆಬ್‌ಸೈಟ್ ಕಟ್ಟುವ ಟೂಲ್) ಇದನ್ನು ಬಹಳ ಜನರಿಗೆ ರೂಢಿ ಮಾಡಿಸಿತು.

ಹ್ಯಾಶ್ ಹಾಕಿದ ಮೇಲೂ ಒಂದು ಗುಂಡಿ ಉಳಿಯುತ್ತದೆ. ಬೆಳಿಗ್ಗೆ ಪುಟ ತೆರೆದಿಟ್ಟು ಊಟಕ್ಕೆ ಹೋದವರ ಬ್ರೌಸರ್‌ನಲ್ಲಿ ಹಳೆಯ ಎಚ್‌ಟಿಎಂಎಲ್ ಇರುತ್ತದೆ. ಮಧ್ಯಾಹ್ನ ನೀವು ಹೊಸ ರಿಲೀಸ್ ಹಾಕಿ ಹಳೆಯ ಫೈಲು ಅಳಿಸಿದರೆ, ಅವರು ಬಂದು ಇನ್ನೊಂದು ಮೆನು ಒತ್ತಿದ ಕೂಡಲೇ ಇಲ್ಲದ ಫೈಲನ್ನು ಕೇಳುತ್ತಾರೆ. ಪುಟ ಬಿಳಿಯಾಗುತ್ತದೆ. ಹಾಗಾಗಿ ಮೊದಲು ಹೊಸ ಅಸೆಟ್ ಏರಿಸಬೇಕು, ಆಮೇಲೆ ಎಚ್‌ಟಿಎಂಎಲ್ ಬದಲಿಸಬೇಕು, ಹಳೆಯ ಅಸೆಟ್‌ಗಳನ್ನು ಕೆಲವು ದಿನ ಹಾಗೇ ಬಿಟ್ಟಿರಬೇಕು. ಡಿಸ್ಕ್ ಜಾಗ ಉಳಿಸಲು ಹೋಗಿ ಈ ಬಿಳಿ ಪುಟ ತಂದುಕೊಳ್ಳುವವರು ಇವತ್ತಿಗೂ ಇದ್ದಾರೆ.

ಹ್ಯಾಶ್‌ಗೂ ಆವೃತ್ತಿ ಸಂಖ್ಯೆಗೂ ಇರುವ ವ್ಯತ್ಯಾಸ ಮುಂದಿನ ಕಥೆಗೆಲ್ಲ ಬೇಕು. ಮುಂಬೈ ಡಬ್ಬಾವಾಲಾಗಳು ಮುಚ್ಚಳದ ಮೇಲೆ ಬರೆಯುವ ಗುರುತು ಡಬ್ಬ ಎಲ್ಲಿಂದ ಬಂತು, ಯಾವ ಸ್ಟೇಷನ್‌ನಲ್ಲಿ ಇಳಿದು ಯಾವ ಕಟ್ಟಡಕ್ಕೆ ಹೋಗಬೇಕು ಅಂತ ಹೇಳುತ್ತದೆ. ಒಳಗೆ ಇರುವುದು ಚಪಾತಿಯೋ ಚಿತ್ರಾನ್ನವೋ ಅದಕ್ಕೆ ಗೊತ್ತಿಲ್ಲ. ಆವೃತ್ತಿ ಸಂಖ್ಯೆಯೂ ಅಂಥದ್ದೇ, ಹೊರಗೆ ಅಂಟಿಸಿದ ಗುರುತು. ಹ್ಯಾಶ್ ಮಾತ್ರ ಒಳಗಿನ ಊಟವನ್ನೇ ತೂಗಿ ಹೇಳುತ್ತದೆ.

ಸಂಜೆಯ ಆ ಎರಡು ಗಂಟೆ

2025ರ ಸೆಪ್ಟೆಂಬರ್ 8ರಂದು ನಡೆದದ್ದನ್ನು ಹತ್ತಿರದಿಂದ ನೋಡಿದರೆ ಇದು ಸರಿಯಾಗಿ ತಿಳಿಯುತ್ತದೆ. ಎನ್‌ಪಿಎಂನಲ್ಲಿ ಹಲವು ಪ್ಯಾಕೇಜ್ ನಡೆಸುವ ಒಬ್ಬರಿಗೆ ಎನ್‌ಪಿಎಂ ಸಪೋರ್ಟ್‌ನಿಂದ ಬಂದ ಹಾಗೆ ಕಾಣುವ ಸುಳ್ಳು ಇಮೇಲ್ ಬಂತು. ಅವರು ನಂಬಿ ಲಾಗಿನ್ ಮಾಡಿದರು. ಖಾತೆ ಕಳ್ಳರ ಕೈಗೆ ಹೋಯಿತು. ಚಾಕ್, ಡೀಬಗ್ ಸೇರಿ 18 ಪ್ಯಾಕೇಜ್‌ಗಳ ಹೊಸ ಆವೃತ್ತಿಗಳು ವಿಷ ಬೆರೆಸಿಕೊಂಡು ಹೊರಬಂದವು. ಇವುಗಳ ಡೌನ್‌ಲೋಡ್ ಒಟ್ಟು ಸೇರಿಸಿದರೆ ವಾರಕ್ಕೆ 200 ಕೋಟಿಗೂ ಜಾಸ್ತಿ. ಒಳಗಿದ್ದ ಕೋಡ್ ಬ್ರೌಸರ್‌ನಲ್ಲಿ ಕೂತು, ಕ್ರಿಪ್ಟೋ ಹಣ ಕಳಿಸುವಾಗ ವಿಳಾಸ ಬದಲಿಸುವಂಥದ್ದು. ನಮ್ಮ ಗಡಿಯಾರದಲ್ಲಿ ಆಗ ಸಂಜೆ ಏಳರ ಹತ್ತಿರ. ಪುಣೆಯಲ್ಲಿ ದಿನದ ಕೊನೆಯ ಬಿಲ್ಡ್ ಓಡಿಸುವ ಹೊತ್ತು. ಸುಮಾರು ಎರಡು ಗಂಟೆಯಲ್ಲಿ ವಿಷಯ ಗೊತ್ತಾಗಿ ಅವನ್ನು ತೆಗೆಯತೊಡಗಿದರು.

ಈಗ ಒಂದು ಪ್ರಾಜೆಕ್ಟ್ ತನಗೆ ಬೇಕಾದ ಪ್ಯಾಕೇಜ್‌ಗಳನ್ನು ಬರೆದಿಡುವ ಪಟ್ಟಿಯಲ್ಲಿ ‘ಡೀಬಗ್ ^4.4.1’ ಅಂತ ಬರೆದಿದೆ ಅಂದುಕೊಳ್ಳಿ. ಮುಂದಿರುವ ಆ ಟೋಪಿ ಗುರುತಿನ ಅರ್ಥ: 4.4.1 ಅಥವಾ ಅದಕ್ಕಿಂತ ಹೊಸದು, ಐದಕ್ಕೆ ಹೋಗದಿದ್ದರೆ ಸಾಕು. ವಿಷ ಇದ್ದದ್ದು 4.4.2ರಲ್ಲಿ. ಲಾಕ್‌ಫೈಲ್ (ಯಾವ ಆವೃತ್ತಿ ಅಂತ ಬರೆದಿಟ್ಟ ಫೈಲು) ಇಲ್ಲದ ಬಿಲ್ಡ್ ಸಂಜೆ ಆರಕ್ಕೆ ಓಡಿದ್ದರೆ ಒಳ್ಳೆಯ ಕಟ್ಟು, ಏಳೂವರೆಗೆ ಓಡಿದ್ದರೆ ವಿಷದ ಕಟ್ಟು. ಕೋಡ್ ಒಂದೇ, ಕಮಾಂಡ್ ಒಂದೇ, ಯಾರೂ ಏನೂ ಬದಲಿಸಿಲ್ಲ. ಯಾರೂ ಅಪ್‌ಡೇಟ್ ಮಾಡದೆಯೇ ಅಪ್‌ಡೇಟ್ ಆಗಿಹೋಯಿತು.

ಲಾಕ್‌ಫೈಲ್ ಇರುವುದು ಇದನ್ನು ತಡೆಯಲಿಕ್ಕೆ. 2017ರಲ್ಲಿ ಎನ್‌ಪಿಎಂ 5 ಬಂದಾಗಿನಿಂದ ಅದು ತಾನಾಗಿಯೇ ಹುಟ್ಟುತ್ತದೆ. ಎಳೆದುಕೊಂಡು ಬಂದ ಪ್ರತಿಯೊಂದು ಪ್ಯಾಕೇಜ್‌ನ ಸರಿಯಾದ ಆವೃತ್ತಿ ಅದರಲ್ಲಿ ಇರುತ್ತದೆ, ಜೊತೆಗೆ ಎಸ್‌ಎಚ್‌ಎ-512 ಹ್ಯಾಶ್. ಮುಚ್ಚಳದ ಗುರುತೂ ಇದೆ, ಊಟದ ತೂಕವೂ ಇದೆ. ಅದನ್ನು ಗಿಟ್‌ಗೆ (ಕೋಡ್‌ನ ಬದಲಾವಣೆಗಳನ್ನು ಇಟ್ಟುಕೊಳ್ಳುವ ಟೂಲ್) ಹಾಕದೆ ಬಿಡುವವರಿದ್ದಾರೆ. ಹಾಕಿದರೂ, ಬಿಲ್ಡ್ ಸರ್ವರ್‌ನಲ್ಲಿ ‘ಎನ್‌ಪಿಎಂ ಇನ್‌ಸ್ಟಾಲ್’ ಓಡಿಸುವವರು ಇನ್ನೂ ಜಾಸ್ತಿ. ಪಟ್ಟಿಗೂ ಲಾಕ್‌ಫೈಲ್‌ಗೂ ಹೊಂದದಿದ್ದರೆ ಇನ್‌ಸ್ಟಾಲ್ ಸುಮ್ನೆ ಲಾಕ್‌ಫೈಲನ್ನೇ ತಿದ್ದಿ ಮುಂದೆ ಹೋಗುತ್ತದೆ. ‘ಎನ್‌ಪಿಎಂ ಸಿಐ’ ಹಾಗಲ್ಲ, ಹೊಂದದಿದ್ದರೆ ಎರರ್ ಕೊಟ್ಟು ನಿಲ್ಲುತ್ತದೆ. ಸರ್ವರ್‌ನಲ್ಲಿ ಬೇಕಾದ್ದು ಈ ಎರಡನೆಯ ಸಿಡುಕು ಸ್ವಭಾವವೇ.

ಕೀ ಇಟ್ಟುಕೊಂಡ ಮಷೀನ್

ಅದಾಗಿ ಒಂದು ವಾರಕ್ಕೆ ಶಾಯ್-ಹುಲೂದ್ ಎಂಬ ಹುಳ ಬಂತು. ಇದು ಕ್ರಿಪ್ಟೋ ಕಳ್ಳನಿಗಿಂತ ಹುಷಾರು. ಪ್ಯಾಕೇಜ್ ಇನ್‌ಸ್ಟಾಲ್ ಆದ ಮೇಲೆ ತಾನಾಗಿ ಓಡುವ ಸ್ಕ್ರಿಪ್ಟ್ ಎನ್‌ಪಿಎಂನಲ್ಲಿ ಇರಬಹುದು. ಹುಳ ಅಲ್ಲೇ ಕೂತಿತ್ತು. ಮಷೀನಿನಲ್ಲಿ ಎನ್‌ಪಿಎಂ, ಗಿಟ್‌ಹಬ್, ಕ್ಲೌಡ್ ಯಾವುದರ ಟೋಕನ್ (ಪಾಸ್‌ವರ್ಡ್‌ನಂಥ ಕೀ) ಸಿಕ್ಕರೂ ಬಾಚಿಕೊಂಡು ಎಲ್ಲರಿಗೂ ಕಾಣುವ ಗಿಟ್‌ಹಬ್ ರೆಪೊದಲ್ಲಿ (ಕೋಡ್ ಇಡುವ ಆನ್‌ಲೈನ್ ಕಡತದಲ್ಲಿ) ಸುರಿಯುತ್ತಿತ್ತು. ಆಮೇಲೆ ಆ ಎನ್‌ಪಿಎಂ ಟೋಕನ್ ಹಿಡಿದು, ಅದೇ ವ್ಯಕ್ತಿಯ ಬೇರೆ ಪ್ಯಾಕೇಜ್‌ಗಳ ಒಳಗೂ ತನ್ನನ್ನು ತುರುಕಿ ಪ್ರಕಟಿಸುತ್ತಿತ್ತು. 500ಕ್ಕೂ ಜಾಸ್ತಿ ಪ್ಯಾಕೇಜ್ ಕೆಟ್ಟವು ಎಂದು ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸೀಸಾ ಹೇಳಿತು. ನವೆಂಬರ್ 24ರ ಎರಡನೇ ಅಲೆಯಲ್ಲಿ ಹುಳ ಇನ್ನೂ ಮುಂದೆ ಬಂದು ಕೂತಿತು: ಇನ್‌ಸ್ಟಾಲ್ ಮುಗಿಯುವ ಮೊದಲೇ ಓಡುವ ಸ್ಕ್ರಿಪ್ಟ್‌ನಲ್ಲಿ. ಆ ಸಲ ಕದ್ದ ಮಾಲು ಸುರಿದ ರೆಪೊಗಳೇ 25,000ದಷ್ಟು.

ಇಲ್ಲಿ ಕಾರಣವನ್ನು ನಿಧಾನವಾಗಿ ನೋಡಬೇಕು. ಹುಳಕ್ಕೆ ಬಿಲ್ಡ್ ಸರ್ವರ್ ಯಾಕೆ ಇಷ್ಟ? ಅಲ್ಲಿ ಎಲ್ಲ ಕೀಗಳೂ ಒಂದೇ ಗೂಟಕ್ಕೆ ನೇತುಹಾಕಿರುತ್ತವೆ. ಪ್ಯಾಕೇಜ್ ತರುವುದು, ಕಟ್ಟುವುದು, ಪ್ರೊಡಕ್ಷನ್‌ಗೆ ಕಳಿಸುವುದು, ಮೂರನ್ನೂ ಒಂದೇ ಜಾಬ್‌ನಲ್ಲಿ ಮಾಡುತ್ತೇವೆ. ಕೀ ಬೇಕಾಗುವುದು ಮೂರನೆಯ ಹೆಜ್ಜೆಗೆ. ಆದರೆ ಮೊದಲ ಹೆಜ್ಜೆಯಲ್ಲಿ ಓಡುವ ಅಪರಿಚಿತರ ಸ್ಕ್ರಿಪ್ಟ್‌ಗೂ ಅದು ಕಾಣುತ್ತದೆ. ಮೂರನ್ನೂ ಬೇರೆ ಬೇರೆ ಜಾಬ್ ಮಾಡಿ, ತರುವ ಕಡೆ ಇಂಟರ್‌ನೆಟ್ ಇರಲಿ ಕೀ ಬೇಡ, ಕಟ್ಟುವ ಕಡೆ ಎರಡೂ ಬೇಡ, ಕೀ ಕಳಿಸುವ ಕಡೆ ಮಾತ್ರ ಇರಲಿ ಅಂದರೆ, ಹುಳ ಒಳಗೆ ಬಂದರೂ ಬರಿಗೈಯಲ್ಲಿ ಇರುತ್ತದೆ.

ಇನ್‌ಸ್ಟಾಲ್ ಸ್ಕ್ರಿಪ್ಟ್ ಬೇಕೇ ಬೇಕಾದ ಪ್ಯಾಕೇಜ್‌ಗಳು ತೀರಾ ಕಡಿಮೆ. ಸಿ ಕೋಡ್ ಕಂಪೈಲ್ ಮಾಡುವಂಥವು, ಟೆಸ್ಟ್‌ಗೆ ಬ್ರೌಸರ್ ಇಳಿಸಿಕೊಳ್ಳುವಂಥವು. 2025ರ ಜನವರಿಯಲ್ಲಿ ಬಂದ ಪಿಎನ್‌ಪಿಎಂ 10 (ಎನ್‌ಪಿಎಂ ಪ್ಯಾಕೇಜ್ ತರುವ ಇನ್ನೊಂದು ಟೂಲ್) ಈ ಸ್ಕ್ರಿಪ್ಟ್‌ಗಳನ್ನು ಮೊದಲಿಗೇ ನಿಲ್ಲಿಸಿ, ನೀವು ಹೆಸರು ಹಿಡಿದು ಒಪ್ಪಿದವನ್ನು ಮಾತ್ರ ಓಡಿಸುತ್ತದೆ. ಸೆಪ್ಟೆಂಬರ್ ಹುಳಕ್ಕಿಂತ ಎಂಟು ತಿಂಗಳು ಮೊದಲು ತೆಗೆದುಕೊಂಡ ನಿರ್ಧಾರ ಇದು. ಆಗ ಗೊಣಗಿದವರು ಈಗ ಗೊಣಗುತ್ತಿಲ್ಲ. ಎನ್‌ಪಿಎಂ ಕೂಡ ಹಳೆಯ ಕಾಲದ, ಅವಧಿಯೇ ಮುಗಿಯದ ಟೋಕನ್‌ಗಳನ್ನು ಡಿಸೆಂಬರ್‌ನಲ್ಲಿ ರದ್ದು ಮಾಡಿತು.

ಲಾಕ್‌ಫೈಲ್‌ಗೆ ಕಾಣದ ಬಾಗಿಲುಗಳು

ಲಾಕ್‌ಫೈಲ್ ಕಾಯುವುದು ಪ್ಯಾಕೇಜ್‌ಗಳನ್ನು ಮಾತ್ರ. ಬಿಲ್ಡ್‌ಗೆ ಬೇರೆ ದಾರಿಯಿಂದಲೂ ಸಾಮಾನು ಬರುತ್ತದೆ.

ಬಿಲ್ಡ್ ಓಡಿಸುವ ಸ್ಕ್ರಿಪ್ಟ್‌ಗಳೇ ಒಂದು ದಾರಿ. 2025ರ ಮಾರ್ಚ್‌ನಲ್ಲಿ 23,000ಕ್ಕೂ ಜಾಸ್ತಿ ರೆಪೊಗಳು ಬಳಸುತ್ತಿದ್ದ ಒಂದು ಗಿಟ್‌ಹಬ್ ಆ್ಯಕ್ಷನ್‌ಗೆ (ಬಿಲ್ಡ್‌ನ ಒಂದು ಹೆಜ್ಜೆ ಓಡಿಸುವ ಸಿದ್ಧ ಸ್ಕ್ರಿಪ್ಟ್) ಕನ್ನ ಬಿತ್ತು. ಕಳ್ಳರು ಹೊಸ ಆವೃತ್ತಿ ಬಿಡಲೂ ಇಲ್ಲ. ಹಳೆಯ ಟ್ಯಾಗ್‌ಗಳನ್ನೇ (ಆವೃತ್ತಿಯ ಹೆಸರು) ಎತ್ತಿ ಕೆಟ್ಟ ಕಮಿಟ್ (ಕೋಡ್‌ನ ಒಂದು ದಾಖಲೆ) ಮೇಲೆ ಇಟ್ಟರು. ಮತ್ತೆ ಅದೇ ಮುಚ್ಚಳದ ಗುರುತಿನ ಕಥೆ. ಟ್ಯಾಗ್ ಬದಲು ಕಮಿಟ್‌ನ ಪೂರ್ತಿ ಹ್ಯಾಶ್ ಬರೆದಿಟ್ಟವರು ಬಚಾವಾದರು.

ರನ್‌ಟೈಮ್, ಅಂದರೆ ಜಾವಾಸ್ಕ್ರಿಪ್ಟನ್ನು ಓಡಿಸುವ ನೋಡ್‌ನಂಥ ಪ್ರೋಗ್ರಾಂ, ಇನ್ನೊಂದು. 2021ರ ಅಕ್ಟೋಬರ್‌ನಲ್ಲಿ ನೋಡ್ 17 ಬಂದಾಗ ವೆಬ್‌ಪ್ಯಾಕ್ 4ರ ಬಿಲ್ಡ್‌ಗಳು ರಾತ್ರೋರಾತ್ರಿ ಕೆಟ್ಟವು. ಕಳ್ಳರು ಯಾರೂ ಇರಲಿಲ್ಲ. ವೆಬ್‌ಪ್ಯಾಕ್ 4 ಒಳಗೊಳಗೆ ಎಂಡಿ4 ಎಂಬ ಹಳೆಯ ಹ್ಯಾಶ್ ವಿಧಾನ ಬಳಸುತ್ತಿತ್ತು, ನೋಡ್ 17ರ ಜೊತೆ ಬಂದ ಓಪನ್‌ಎಸ್‌ಎಸ್‌ಎಲ್ 3 ಅದನ್ನು ಬಿಡಲಿಲ್ಲ. ‘ಇರುವುದರಲ್ಲಿ ಹೊಸ ನೋಡ್ ಹಾಕು’ ಅಂತ ಬರೆದಿದ್ದ ಸರ್ವರ್‌ಗಳೆಲ್ಲ ನಿಂತವು. ನೋಡ್ ಆವೃತ್ತಿಯನ್ನೂ ಲಾಕ್ ಮಾಡಬೇಕು ಅಂತ ಬಹಳ ಜನ ಕಲಿತದ್ದು ಆಗಲೇ.

ಮೂರನೆಯದು, ಪುಟದಲ್ಲಿ ನೇರವಾಗಿ ಬೇರೆಯವರ ಸರ್ವರ್‌ನಿಂದ ಸ್ಕ್ರಿಪ್ಟ್ ತರಿಸುವುದು. ಹಳೆಯ ಬ್ರೌಸರ್‌ಗಳಿಗೆ ಕೊರತೆ ತುಂಬುವ ಕೋಡ್ ಕೊಡುತ್ತಿದ್ದ ಪಾಲಿಫಿಲ್ ಸೇವೆಯ ಡೊಮೇನ್ 2024ರಲ್ಲಿ ಕೈ ಬದಲಾಯಿತು. ಜೂನ್ ಹೊತ್ತಿಗೆ ಒಂದು ಲಕ್ಷಕ್ಕೂ ಜಾಸ್ತಿ ಸೈಟ್‌ಗಳಿಗೆ ಅದು ಕೆಟ್ಟ ಕೋಡ್ ಬಡಿಸುವ ಸ್ಥಿತಿ. ಆ ಸೈಟ್‌ಗಳ ಬಿಲ್ಡ್ ಎಷ್ಟೇ ಅಚ್ಚುಕಟ್ಟಾಗಿದ್ದರೂ ಉಪಯೋಗ ಇಲ್ಲ. ಆ ಫೈಲು ಬಿಲ್ಡ್ ಒಳಗೆ ಬಂದೇ ಇಲ್ಲವಲ್ಲ.

ಕೊನೆಯ ಬಾಗಿಲು ಬಿಲ್ಡ್ ಮಷೀನ್ ತಾನೇ. 2020ರಲ್ಲಿ ಬಯಲಾದ ಸೋಲಾರ್‌ವಿಂಡ್ಸ್ ಎಂಬ ಸಾಫ್ಟ್‌ವೇರ್ ಕಂಪನಿಯ ಪ್ರಕರಣದಲ್ಲಿ ಸೋರ್ಸ್ ಕೋಡ್ ಶುದ್ಧ, ಸಹಿಯೂ ಅಸಲಿ. ಆದರೆ ಬಿಲ್ಡ್ ಓಡುವ ಹೊತ್ತಿಗೆ ಸರ್ವರ್‌ನಲ್ಲಿ ಕೂತಿದ್ದ ಕಳ್ಳ ಪ್ರೋಗ್ರಾಂ ಒಂದು ಫೈಲನ್ನು ಬದಲಿಸಿ, ಕೆಲಸ ಮುಗಿದ ಮೇಲೆ ವಾಪಸ್ ಇಡುತ್ತಿತ್ತು. ಸುಮಾರು 18,000 ಗ್ರಾಹಕರಿಗೆ ಆ ಅಪ್‌ಡೇಟ್ ಹೋಯಿತು. ಇದನ್ನು ಹಿಡಿಯುವ ಒಂದು ದಾರಿ, ಒಂದಕ್ಕೊಂದು ಸಂಬಂಧ ಇಲ್ಲದ ಎರಡು ಮಷೀನ್‌ಗಳಲ್ಲಿ ಅದೇ ಕೋಡ್ ಕಟ್ಟಿ ಹ್ಯಾಶ್ ಹೋಲಿಸುವುದು. ಲಿನಕ್ಸ್ ಹಂಚುವ ಡೆಬಿಯನ್‌ನವರು 2013ರಿಂದ ಇದರ ಹಿಂದೆ ಬಿದ್ದಿದ್ದಾರೆ. ಹೇಳಿದಷ್ಟು ಸುಲಭ ಇಲ್ಲ: ಕಟ್ಟಿದ ಸಮಯ, ಫೋಲ್ಡರ್‌ನ ಹೆಸರು, ಫೈಲುಗಳನ್ನು ಓದಿದ ಕ್ರಮ, ಇಂಥವೆಲ್ಲ ನುಸುಳಿ ಹ್ಯಾಶ್ ಕೆಡಿಸುತ್ತವೆ.

ಕಾಯುವವರು, ಓಡುವವರು

ಈಗ ಮೊದಲಿನ ಜಗಳಕ್ಕೆ ಬರೋಣ. ಒಂದು ಪಕ್ಷದ ವಾದ: ಹೊಸ ಆವೃತ್ತಿ ಬಂದ ಕೂಡಲೇ ಮುಟ್ಟಬೇಡಿ, ಕೆಲವು ದಿನ ಹಳೆಯದಾಗಲಿ. ಸೆಪ್ಟೆಂಬರ್ ವಿಷ ಎರಡು ಗಂಟೆಯಲ್ಲಿ ಸಿಕ್ಕಿಬಿತ್ತು, ಒಂದು ದಿನ ಕಾದವರಿಗೆ ಏನೂ ಆಗಲಿಲ್ಲ. ಪಿಎನ್‌ಪಿಎಂ ಅದೇ ತಿಂಗಳು ಇದಕ್ಕೊಂದು ಸೆಟ್ಟಿಂಗ್ ಕೊಟ್ಟಿತು: ಇಷ್ಟು ನಿಮಿಷ ಹಳೆಯದಾಗದ ಆವೃತ್ತಿಯನ್ನು ತರಲೇಬೇಡ.

ಎಲ್ಲರೂ ಕಾದರೆ ವಿಷ ಪತ್ತೆ ಮಾಡುವವರು ಯಾರು ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಸೆಪ್ಟೆಂಬರ್‌ನಲ್ಲಿ ಹಿಡಿದದ್ದು ಎನ್‌ಪಿಎಂಗೆ ಬರುವ ಹೊಸ ಆವೃತ್ತಿಗಳನ್ನು ನೇರವಾಗಿ ಜಾಲಾಡುವ ಭದ್ರತಾ ಕಂಪನಿ. ಅದಕ್ಕೆ ನಿಮ್ಮ ಪ್ರಾಜೆಕ್ಟ್ ಬಲಿಯಾಗಬೇಕಾದ ಅಗತ್ಯ ಇಲ್ಲ. ಕಾಯುವುದರ ನಿಜವಾದ ಮಿತಿ ಬೇರೆ. 2024ರಲ್ಲಿ, ಫೈಲು ಕುಗ್ಗಿಸುವ ಲಿನಕ್ಸ್ ಟೂಲ್ ಎಕ್ಸ್‌ಝೆಡ್‌ನ ಒಳಗೆ ಬಚ್ಚಿಟ್ಟ ಹಿಂಬಾಗಿಲು ಫೆಬ್ರವರಿ ಕೊನೆಯಲ್ಲಿ ಹೊರಬಂದು ಮಾರ್ಚ್ 29ರ ತನಕ ಯಾರ ಕಣ್ಣಿಗೂ ಬೀಳಲಿಲ್ಲ. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್‌ಗೆ ದೂರದ ಮಷೀನಿಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡ ಆಗುತ್ತಿದೆ ಅನ್ನಿಸಿದ್ದರಿಂದ ಸಿಕ್ಕಿತು. ಅದನ್ನು ಎಬ್ಬಿಸುವ ಸಾಲುಗಳು ಗಿಟ್‌ನಲ್ಲಿ ಇರಲೇ ಇಲ್ಲ, ಬಿಡುಗಡೆಯ ಟಾರ್ ಫೈಲಿನಲ್ಲಿ ಮಾತ್ರ ಇದ್ದವು. ಅಂಥ ತಾಳ್ಮೆಯ ಕಳ್ಳನ ಮುಂದೆ ಏಳು ದಿನದ ಕಾಯುವಿಕೆ ಏನೂ ಅಲ್ಲ.

ಇನ್ನೊಂದು ಪಕ್ಷಕ್ಕೆ ಡಿಸೆಂಬರ್ 3 ಸಾಕ್ಷಿ. ರಿಯಾಕ್ಟ್ ತೂತಿಗೆ ಲಾಗಿನ್ ಕೂಡ ಬೇಡ, ಒಂದು ರಿಕ್ವೆಸ್ಟ್‌ನಿಂದ ಸರ್ವರ್‌ನಲ್ಲಿ ಕೋಡ್ ಓಡಿಸಬಹುದಿತ್ತು. ಸುದ್ದಿ ಬಂದ ಕೆಲವೇ ಗಂಟೆಗಳಲ್ಲಿ ದಾಳಿ ಶುರುವಾಯಿತು. ಏಳು ದಿನ ಕಾಯುವ ನಿಯಮವನ್ನು ಕಣ್ಣುಮುಚ್ಚಿ ಪಾಲಿಸಿದವರು ಏಳು ದಿನ ಬಾಗಿಲು ತೆರೆದಿಟ್ಟಂತೆ. ಮುಂದಿನ ವಾರವೇ ಅದೇ ಭಾಗದಲ್ಲಿ ಇನ್ನೆರಡು ದೋಷ ಸಿಕ್ಕಿ ಮತ್ತೆ ಅಪ್‌ಡೇಟ್ ಮಾಡಬೇಕಾಯಿತು.

ಬಿಲ್ಡ್ ಬೇರೆ, ಅಪ್‌ಡೇಟ್ ಬೇರೆ ಆಗಿರುವ ಕಡೆ ಈ ಜಗಳ ಕರಗುತ್ತದೆ. ದಿನನಿತ್ಯದ ಬಿಲ್ಡ್ ಲಾಕ್ ಆದದ್ದನ್ನೇ ಕಟ್ಟುತ್ತದೆ, ಹೊಸದು ಏನೂ ಒಳಗೆ ಬರುವುದಿಲ್ಲ. ಮಾಮೂಲಿ ಅಪ್‌ಡೇಟ್‌ಗಳು ಕಾದು ಬರುತ್ತವೆ. ತುರ್ತು ಪ್ಯಾಚ್‌ಗೆ ಹೆಸರು ಹಿಡಿದು ವಿನಾಯಿತಿ ಕೊಟ್ಟು, ಅದೊಂದನ್ನೇ ಒಳಗೆ ಬಿಟ್ಟು, ಲಾಕ್‌ಫೈಲ್‌ನಲ್ಲಿ ಏನು ಬದಲಾಯಿತು ಅಂತ ಒಬ್ಬರು ಕಣ್ಣಾರೆ ನೋಡುತ್ತಾರೆ. ರಿಯಾಕ್ಟ್ 19.2.0 ಇದ್ದದ್ದು 19.2.1 ಆಗಬೇಕು, ಜೊತೆಗೆ ನಾಲ್ಕೈದು ಸಾಲು. ಬದಲಾದದ್ದು ನಾನೂರು ಸಾಲು ಅಂದರೆ, ಪ್ಯಾಚ್ ನೆಪದಲ್ಲಿ ಇನ್ನೇನೋ ಒಳಗೆ ಬರುತ್ತಿದೆ. ಈ ಶಿಸ್ತು ಇಲ್ಲದ ತಂಡಕ್ಕೆ ಶುಕ್ರವಾರ ಸಂಜೆ ತುರ್ತು ಪ್ಯಾಚ್ ಬಂದರೆ, ಪುಣೆಯ ಸ್ವಾರಗೇಟ್‌ನಿಂದ ಊರಿಗೆ ಬಸ್ ಬುಕ್ ಮಾಡಿದವರು ಟಿಕೆಟ್ ಕ್ಯಾನ್ಸಲ್ ಮಾಡಬೇಕಾಗುತ್ತದೆ.

ಮುಂಬೈನಿಂದ ಬರುವ ಪ್ರಶ್ನೆ

ಇದೆಲ್ಲ ತಂಡದ ಒಳಗಿನ ವಿಷಯ ಅಂತ ಬಿಡುವ ಹಾಗೂ ಇಲ್ಲ. 2024ರ ಆಗಸ್ಟ್ 20ರಂದು ಮುಂಬೈನ ಸೆಬಿ ಹೊರಡಿಸಿದ ಸೈಬರ್ ಭದ್ರತಾ ಚೌಕಟ್ಟು, ಷೇರುಪೇಟೆಯ ಸಂಸ್ಥೆಗಳ ಮುಖ್ಯ ಸಿಸ್ಟಂಗಳಿಗೆ ಎಸ್‌ಬಾಮ್ ಇರಬೇಕು ಎನ್ನುತ್ತದೆ. ಎಸ್‌ಬಾಮ್ ಅಂದರೆ ಸಾಫ್ಟ್‌ವೇರ್ ಒಳಗೆ ಏನೇನು ಸೇರಿದೆ ಎಂಬ ಪಟ್ಟಿ, ಬಿಸ್ಕೆಟ್ ಪ್ಯಾಕೆಟ್ ಹಿಂದೆ ಇರುವಂಥದ್ದು. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಇದಕ್ಕೆ ಅದೇ ವರ್ಷ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ಕೊಟ್ಟು, 2025ರ ಜುಲೈನಲ್ಲಿ ಅದನ್ನು ಹಿಗ್ಗಿಸಿತು. ನಿಯಮ ಬ್ರೋಕರ್‌ಗಳಂಥ ಸಂಸ್ಥೆಗಳಿಗೆ. ಅವರ ಕೋಡ್ ಬರೆಯುವುದು ಬೇರೆ ಕಂಪನಿ ಆಗಿದ್ದರೆ, ಪಟ್ಟಿ ಕೇಳುವ ಮೇಲ್ ಅಲ್ಲಿಗೇ ಬರುತ್ತದೆ.

2021ರ ಡಿಸೆಂಬರ್‌ನಲ್ಲಿ ಜಾವಾ ಪ್ರೋಗ್ರಾಂಗಳು ದಾಖಲೆ ಬರೆಯಲು ಬಳಸುವ ಲಾಗ್4ಜೆಯ ತೂತು ಬಂದಾಗ ಹೆಚ್ಚು ಹೊತ್ತು ತಿಂದದ್ದು ಪ್ಯಾಚ್ ಹಾಕುವ ಕೆಲಸಕ್ಕಿಂತ ‘ಇದು ನಮ್ಮಲ್ಲಿ ಇದೆಯಾ, ಎಲ್ಲೆಲ್ಲಿ ಇದೆ’ ಎಂಬ ಹುಡುಕಾಟ. ಆ ಪ್ರಶ್ನೆಗೆ ಉತ್ತರ ಇರಲಿ ಅಂತಲೇ ಈ ಪಟ್ಟಿ. ಆದರೆ ಅದನ್ನು ಯಾವುದರಿಂದ ತಯಾರಿಸುತ್ತೀರಿ ಎನ್ನುವುದರ ಮೇಲೆ ಎಲ್ಲ ನಿಂತಿದೆ. ಟೋಪಿ ಗುರುತಿನ ಪಟ್ಟಿಯಿಂದ ತಯಾರಿಸಿದರೆ ಅದು ‘4.4.1 ಅಥವಾ ಅದಕ್ಕಿಂತ ಹೊಸದು’ ಎಂಬ ಅಂದಾಜು. ಸೆಪ್ಟೆಂಬರ್ 8ರ ಸಂಜೆ ವಿಷ ಒಳಗೆ ಬಂತಾ ಅಂತ ಅದು ಹೇಳಲಾರದು. ಬಿಲ್ಡ್ ಓಡುವಾಗಲೇ, ಕಟ್ಟಿದ ಅದೇ ಕಟ್ಟಿನಿಂದ ಪಟ್ಟಿ ಹೊರಬಂದು, ಕಟ್ಟಿನ ಹ್ಯಾಶ್ ಜೊತೆ ಇಟ್ಟರೆ ಮಾತ್ರ ಅದಕ್ಕೆ ಬೆಲೆ. ಆಡಿಟ್ ಹಿಂದಿನ ರಾತ್ರಿ ಎಕ್ಸೆಲ್‌ನಲ್ಲಿ ತುಂಬಿದ ಪಟ್ಟಿಗಳೂ ಕಾಣಿಸಿಕೊಳ್ಳುತ್ತವೆ ಅನ್ನುವುದರಲ್ಲಿ ಅನುಮಾನ ಬೇಡ.

ಖರ್ಚು ಯಾರದ್ದು

ಗ್ರಾಹಕರಿಗೆ ಗಂಟೆ ಲೆಕ್ಕದಲ್ಲಿ ಬಿಲ್ ಹಾಕುವ ಕಂಪನಿಯಲ್ಲಿ ಬಿಲ್ಡ್‌ಗೆ ಬಿಲ್ ಇರುವುದಿಲ್ಲ. ಹೊಸ ಸ್ಕ್ರೀನ್ ತೋರಿಸಬಹುದು, ಎರಡು ಮಷೀನ್‌ನಲ್ಲಿ ಒಂದೇ ಹ್ಯಾಶ್ ಬಂತು ಅಂತ ಡೆಮೋದಲ್ಲಿ ತೋರಿಸಿದರೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಇಷ್ಟು ವರ್ಷ ಈ ಕೆಲಸ ಹಿಂದೆ ಬಿದ್ದದ್ದಕ್ಕೆ ತಂತ್ರಜ್ಞಾನದ ಕೊರತೆಗಿಂತ ಈ ಲೆಕ್ಕವೇ ದೊಡ್ಡ ಕಾರಣ. ಈಗ ಎಸ್‌ಬಾಮ್ ಒಪ್ಪಂದದಲ್ಲಿ ಬರುತ್ತಿರುವುದರಿಂದ ಲೆಕ್ಕ ಬದಲಾಗಬಹುದು. ದೊಡ್ಡ ಕಂಪನಿಗಳು ತಮ್ಮದೇ ಪ್ಯಾಕೇಜ್ ಉಗ್ರಾಣ ಇಟ್ಟುಕೊಂಡು, ಅದರ ಮೂಲಕ ಬಾರದ್ದನ್ನು ಬಿಲ್ಡ್‌ಗೆ ಬಿಡುವುದಿಲ್ಲ. ಐದಾರು ಜನರ ತಂಡಕ್ಕೆ ಅಷ್ಟು ಕೈಲಾಗದು. ಅವರಿಗೆ ಲಾಕ್‌ಫೈಲ್, ನಿಲ್ಲಿಸಿದ ಸ್ಕ್ರಿಪ್ಟ್‌ಗಳು, ಬೇರೆ ಮಾಡಿದ ಕೀ, ಈ ಮೂರು ಖರ್ಚಿಲ್ಲದೆ ಸಿಗುತ್ತವೆ.

ತಮ್ಮ ಬಿಲ್ಡ್ ಎಲ್ಲಿ ನಿಂತಿದೆ ಅಂತ ತಿಳಿಯಲು ಅರ್ಧ ದಿನ ಸಾಕು. ಆರು ತಿಂಗಳ ಹಿಂದಿನ ರಿಲೀಸ್‌ನ ಕಮಿಟ್ ತೆಗೆದು, ಏನೂ ಇಲ್ಲದ ಹೊಸ ಮಷೀನಿನಲ್ಲಿ ಕಟ್ಟಿ ನೋಡುವುದು. ಕಟ್ಟಲಿಕ್ಕೇ ಆಗದಿದ್ದರೆ, ಯಾರದೋ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇರುವ ಏನೋ ಒಂದು ಬೇಕಾಗಿದೆ ಅಂತ ಅರ್ಥ. ಕಟ್ಟಿತು ಅಂದರೆ ಇನ್ನೊಂದು ಸಲ ಕಟ್ಟಿ ಎರಡರ ಹ್ಯಾಶ್ ಹೋಲಿಸುವುದು. ಬೇರೆ ಬಂದರೆ ಕೂಡಲೇ ಹುಳದ ಮೇಲೆ ಅನುಮಾನ ಪಡಬೇಕಾಗಿಲ್ಲ. ಮೊದಲು ಪುಟದ ಕೆಳಗಿನ ಸಾಲು ನೋಡಿ, ಅಲ್ಲಿ ಯಾರೋ ಬಿಲ್ಡ್ ಆದ ತಾರೀಖು ಮತ್ತು ಗಂಟೆ ಅಚ್ಚು ಹಾಕಿಸಿರುತ್ತಾರೆ.